ಎಂಟು ಹಾಕಿದರೂ ಏಳೇ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಬುಗುರಿ ಅಂತಲೇ ಕರೆಯುತ್ತಿದ್ದರು. ಕೂತಲ್ಲಿ ಕೂರುವ ಜೀವವಲ್ಲ. ಫೋನ್ ಬಂದರೆ ಮೇಜಿನ ಸುತ್ತ ತಿರುಗುತ್ತಲೇ ಮಾತು, ಊಟವೂ ಕಿಟಕಿಯ ಬಳಿ ನಿಂತೇ. "ಹೊಟ್ಟೆಯಲ್ಲಿದ್ದಾಗಲೇ ಒದ್ದು ಒದ್ದು ನನ್ನ ನಿದ್ದೆ ಕೆಡಿಸಿದ್ದಳು" ಎಂದು ಅವಳ ಅಮ್ಮ ಅಳಿಯನ ಮುಂದೆ ದೂರು ಹೇಳುವುದಿತ್ತು.

ಅವಳ ಪಾಲಿಗೆ ಬಂದದ್ದು ಒಂದು ಸಾಫ್ಟ್‌ವೇರ್ ಲೈಬ್ರರಿ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಕೋಡ್ ಅದು. ಬೇರೆ ಪ್ರೋಗ್ರಾಂಗಳು ಅದನ್ನು ಸೇರಿಸಿಕೊಂಡು ಮಾತು ಕಲಿಯುತ್ತವೆ. ಕೆಳಮಹಡಿಯ ಟೆಲಿಫೋನ್ ಆಪರೇಟರಿಗೆ ಕಣ್ಣು ಕಾಣಿಸದು. ಕರೆ ಯಾರದು, ಯಾರಿಗೆ ಎಂಬುದನ್ನು ಆ ದನಿಯೇ ಅವರ ಕಿವಿಗೆ ಹೇಳಬೇಕು. ಕಂಪ್ಯೂಟರಿಗೆ ಹೊಸ ಅಪ್‌ಡೇಟ್ ಬಂದದ್ದೇ ತಡ, ದನಿ ನಿಂತುಹೋಯಿತು.

"ಸರಿಯಾಗೋ ತನಕ ಮನೇಲಿರಿ ಅಂದ್ರು ಮ್ಯಾನೇಜರು," ಎಂದರು ಆಪರೇಟರು, ಹೆಡ್‌ಫೋನಿನ ವಯರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. "ಒಂದ್ಸಲ ಹೋದ್ರೆ ಮತ್ತೆ ಕರೀತಾರೇನಮ್ಮ?"

"ಇವತ್ತೇ ಮಾಡಿಕೊಡ್ತೀನಿ ಸಾರ್. ಎಲ್ಲೂ ಹೋಗ್ಬೇಡಿ."

ಮಾತೇನೋ ಕೊಟ್ಟಳು. ದನಿಯ ದೋಷ ತಿದ್ದಿದ ಕೋಡನ್ನು ಪಕ್ಕದ ಮೇಜಿನ ಗಡ್ಡದವನು ಬೆಳಿಗ್ಗೆಯೇ ಕಳಿಸಿದ್ದ. ಅದನ್ನು ಒಟ್ಟುಗೂಡಿಸಿ ಬಳಕೆಗೆ ಸಿದ್ಧಮಾಡುವುದು ಬಿಲ್ಡ್ ಟೂಲಿನ ಕೆಲಸ. ಆ ಟೂಲೇ ಕೆಂಪಕ್ಷರದಲ್ಲಿ ತಕರಾರು ತೆಗೆಯಿತು: ಈ ಕೋಡಿಗೆ ಟೂಲಿನ ಎಂಟನೇ ವರ್ಷನ್ ಬೇಕು, ಇಲ್ಲಿರುವುದು ಏಳು. ಇಷ್ಟೇ ತಾನೇ ಎಂದು ಎಂಟನ್ನು ಇಳಿಸಿಕೊಂಡಳು. ನಿನ್ನ ವರ್ಷನ್ ಯಾವುದು ಎಂದು ಟೂಲನ್ನೇ ಕೇಳಿದರೆ, ಎಂಟು ಎಂದಿತು. ಬಿಲ್ಡ್ ಕೊಟ್ಟರೆ ಮತ್ತೆ ಏಳು!

ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಟೂಲನ್ನು ಕಿತ್ತು ಮತ್ತೆ ಹಾಕಿದಳು. ಕಂಪ್ಯೂಟರ್ ಆರಿಸಿ ಹಚ್ಚಿದಳು. ಮೆಟ್ಟಿಲ ತನಕ ಹೋಗಿ ವಾಪಸು ಬಂದಳು. ಲೈಬ್ರರಿ ಬಳಕೆಗೆ ಬಿಡುಗಡೆ ಆಗಬೇಕಾದ್ದು ಕಚೇರಿಯ ಸರ್ವರಿನಿಂದ. ಅಲ್ಲಿ ಬಿಲ್ಡ್ ಕೊಟ್ಟರೂ ಅದೇ ಕೆಂಪಕ್ಷರ.

"ನನ್ನ ಕಂಪ್ಯೂಟರಲ್ಲಿ ಆಗ್ತಿದೆಯಲ್ಲ," ಎಂದ ಗಡ್ಡದವನು, ತಲೆಯನ್ನೂ ಎತ್ತದೆ.

"ಹಾಗಾದ್ರೆ ನಿಮ್ಮ ಕಂಪ್ಯೂಟರನ್ನೇ ಹೊತ್ಕೊಂಡು ಹೋಗಿ ಆಪರೇಟರ್ ಮೇಜಿನ ಮೇಲಿಡ್ಲಾ?"

ಅವನು ಮುಖ ಗಂಟು ಹಾಕಿಕೊಂಡ. ಅಷ್ಟರಲ್ಲಿ ಮ್ಯಾನೇಜರ ಫೋನು: ಆಪರೇಟರಿಗೆ ಆಟೋ ಹೇಳಿಬಿಡಲೇ? "ಮಧ್ಯಾಹ್ನದವರೆಗೆ ತಾಳಿ ಸಾರ್," ಎಂದು ಗೋಗರೆದಳು.

ನಿಂತುಕೊಂಡೇ ಆ ಕೆಂಪು ಸಾಲುಗಳನ್ನು ಮೊದಲಿನಿಂದ ಓದಿದಳು. ಅಲ್ಲಿಯವರೆಗೆ ಕೊನೆಯ ಸಾಲೊಂದನ್ನೇ ನೋಡಿ ಹಾರಾಡಿದ್ದಳು. ಏಳು ಎಲ್ಲಿಂದ ಬರುತ್ತಿದೆ ಎಂಬುದು ಮೇಲೆಯೇ ಇತ್ತು. ಲೈಬ್ರರಿಯ ಒಳಗೇ ಒಂದು ಪುಟ್ಟ ಫೈಲು: ಕಂಪ್ಯೂಟರಿನಲ್ಲಿ ಯಾವ ವರ್ಷನ್ ಇದ್ದರೂ ಸರಿ, ಈ ಲೈಬ್ರರಿಗೆ ಮಾತ್ರ ಇಂಥದ್ದೇ ಎಂದು ಅಪ್ಪಣೆ ಕೊಡುವುದು ಅದು. ಅದರಲ್ಲಿ ಏಳು ಎಂದಿತ್ತು.

"ನಿಮ್ಮಲ್ಲಿ ಈ ಫೈಲ್ ತೆಗೀರಿ ನೋಡೋಣ."

ಗಡ್ಡದವನು ತೆಗೆದ. ಎಂಟು! ತಾನೇ ತಿದ್ದಿದ್ದ, ಉಳಿದದ್ದನ್ನೆಲ್ಲ ಕಳಿಸಿ ಅದೊಂದನ್ನು ಮರೆತಿದ್ದ. ಅವನ ಕಿವಿ ಕೆಂಪಗಾಯಿತು. "ಕಳಿಸಿದ್ದೀನಿ ಅಂತಲೇ ಇದ್ದೆ," ಎಂದು ಗೊಣಗಿದ.

"ಈಗಲೇ ಕಳಿಸಿ," ಎಂದಳು ಅವಳು. ಫೈಲು ಸರ್ವರಿಗೆ ಹೋಯಿತು. ಎಂಟಕ್ಕೆ ಒಗ್ಗದ ಹಳೆಯ ಸೆಟ್ಟಿಂಗ್ ಒಂದು ಅಡ್ಡ ಬಂತು. ಇಬ್ಬರೂ ಸೇರಿ ಅದನ್ನು ಕಿತ್ತುಹಾಕಿದರು. ಸರ್ವರಿನಲ್ಲಿ ಬಿಲ್ಡ್ ಮುಗಿದದ್ದೇ ಒಂದೇ ಉಸಿರಿಗೆ ಕೆಳಗಿಳಿದಳು.

ಆಪರೇಟರ ಕಂಪ್ಯೂಟರಿಗೆ ಲೈಬ್ರರಿ ಹಾಕಿ ಮುಗಿಸುವಷ್ಟರಲ್ಲಿ ಕರೆ ಬಂತು. ಹೆಡ್‌ಫೋನಿನಲ್ಲಿ ದನಿ ಮಾತಾಡಿತು, ಆಪರೇಟರು ಕಿವಿಗೊಟ್ಟರು. ಬಾಗಿದ್ದ ಬೆನ್ನು ನೆಟ್ಟಗಾಯಿತು. "ನಮಸ್ಕಾರ, ಒಂದ್ನಿಮಿಷ, ಕೊಡ್ತೀನಿ," ಎಂದರು. ಇನ್ನೊಂದು ಕರೆ, ಮತ್ತೊಂದು. ಅವಳು ಅಲ್ಲೇ ಇದ್ದಾಳೆಂಬುದನ್ನೂ ಮರೆತಿದ್ದರು. ಅವಳು ಸದ್ದು ಮಾಡದೆ ಮೆಟ್ಟಿಲು ಹತ್ತಿದಳು.

ಗಡ್ಡದವನ ಮೇಲಿನ ಸಿಟ್ಟು ಮಾತ್ರ ರಾತ್ರಿಗೂ ಇಳಿಯಲಿಲ್ಲ. ಮರುದಿನ ಅವನೇ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಬಂದ.

"ಇನ್ಮೇಲೆ ಕಳಿಸೋ ಮೊದಲು ಇಬ್ಬರೂ ಒಮ್ಮೆ ನೋಡೋಣ್ವಾ?"

"ಮೊದಲು ನಿಮ್ಮಲ್ಲಿರೋದನ್ನ ಪೂರ್ತಿ ಅಳಿಸಿ, ಸರ್ವರಿನಿಂದ ಹೊಸದಾಗಿ ಇಳಿಸ್ಕೊಂಡು ಬಿಲ್ಡ್ ಮಾಡಿ. ಕಳಿಸೋಕೆ ಮರೆತದ್ದೇನಾದ್ರೂ ಇದ್ರೆ ಆಗ್ಲೇ ಗೊತ್ತಾಗುತ್ತೆ," ಎಂದಳು.

ಅವನು ಕುರ್ಚಿಯನ್ನು ತನ್ನ ಮೇಜಿಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಅಳಿಸಿದ.