ತೊಳೆದ ಊದುಗೊಳವೆ

ಹೊಳಲ್ಕೆರೆಯ ಸರ್ಕಾರಿ ಬಂಗಲೆಯ ಜಗಲಿಯಲ್ಲಿ, ಬಾಗಿಲಿನ ಎಡಗಡೆಯ ಕಂಬದ ಪಕ್ಕ ನಿಂತಿದ್ದೆ. ಮಾಗಿಯ ಒಂದು ಬೆಳಗ್ಗೆ. ಬಿಸಿಲು ಇನ್ನೂ ಮೆಟ್ಟಿಲು ಹತ್ತಿರಲಿಲ್ಲ. ಒಳಗಿನ ಮೇಜು ಪೂರ್ತಿ ಕಾಣುತ್ತಿತ್ತು. ನಾನು ಆ ಊರಿನ ಶಾಲೆಯ ಮೇಷ್ಟ್ರು. ಅಂದು ಅಲ್ಲಿ ಕಂಪನಿಯೊಂದರ ಕೆಲಸದ ಪರೀಕ್ಷೆಗೆ ಬಂದವನು ನನ್ನ ಬಾಲ್ಯದ ಗೆಳೆಯ, ಹಿರಿಯೂರಿನ ಕೊಬ್ಬರಿ ವ್ಯಾಪಾರಿಯ ಒಬ್ಬನೇ ಮಗ. ಇಂಗ್ಲಿಷ್ ಬಾರದ ಅವನ ತಂದೆಗೆ ಮಾತು ತಿಳಿಸಲೆಂದು ನನ್ನನ್ನು ಕರೆದಿದ್ದರು.

ಅಲ್ಲಿಯವರೆಗೆ ಬಿ.ಎ. ಆದವರು ಹೋಗುತ್ತಿದ್ದದ್ದು ಕಚೇರಿ ಕೆಲಸಕ್ಕೆ. ಆ ವರ್ಷಗಳಲ್ಲಿ ನಮ್ಮ ಗುಡ್ಡಗಳಿಗೆ ಅದಿರಿನ ಕಂಪನಿಗಳು ಬಂದವು. ಅವುಗಳ ಏಜೆಂಟರು ಕಾಲೇಜುಗಳಿಗೇ ಹೋಗಿ, ಆಗ ಬಿ.ಎ.ಯಲ್ಲೇ ಇದ್ದ ರಸಾಯನಶಾಸ್ತ್ರ ಓದಿದವರು ಯಾರಿದ್ದಾರೆಂದು ವಿಚಾರಿಸತೊಡಗಿದರು. ಗೆಳೆಯನನ್ನು ಆರಿಸಿದ್ದೂ ಹಾಗೆಯೇ. ಉಳಿದದ್ದು ಈ ಕೈಪರೀಕ್ಷೆ ಮಾತ್ರ. ಇದು ತಪ್ಪಿದರೆ ಅಂಗಡಿಯಲ್ಲಿ ಕೂರುತ್ತೇನೆಂದು ತಂದೆಗೆ ಮಾತು ಕೊಟ್ಟಿದ್ದ.

"ಕಲ್ಲು ನೋಡಾಕೆ ಬಿ.ಎ. ಬೇಕೇನಪ್ಪ?" ಎಂದು ತಂದೆ ಜಗಲಿಯಲ್ಲಿದ್ದ ಬಂಗಲೆಯ ಅಡಿಗೆಯವನನ್ನು ಕೇಳಿದರು.

"ಈಗ ಕಲ್ಲಿಗೂ ಜಾತಕ ಬರೆಸ್ತಾರೆ ಯಜಮಾನ್ರೆ. ಕುಂತ್ಕಳ್ರಿ."

ಒಳಗೆ ಕಂಪನಿಯ ಏಜೆಂಟ್ ಇದ್ದಿಲ ತುಂಡಿನ ಗುಳಿಯಲ್ಲಿ ಅದಿರಿನ ಪುಡಿ ಹಾಕಿದ. ಹಿತ್ತಾಳೆಯ ಊದುಗೊಳವೆಯನ್ನು ತುಟಿಗಿಟ್ಟು ದೀಪದ ಉರಿಯನ್ನು ಅದರ ಮೇಲೆ ಊದಿದ. ತುಸು ಹೊತ್ತಿಗೆ ತಾಮ್ರದ ಮಣಿಯೊಂದು ಹೊಳೆಯಿತು. ಹೊಸ ಪುಡಿ ಹಾಕಿ, ಅದೇ ಗೊಳವೆಯನ್ನು ಗೆಳೆಯನ ಕೈಗೆ ಕೊಟ್ಟ.

ಗೆಳೆಯ ಗೊಳವೆಯ ತುದಿ ನೋಡಿದ. ಅದು ಒದ್ದೆಯಾಗಿತ್ತು. ಆಮೇಲೆ ಜಗಲಿಯ ಕಡೆ ನೋಡಿದ. ಹಣೆಯ ತುಂಬ ವಿಭೂತಿ ಧರಿಸಿದ ತಂದೆ ಅವನನ್ನೇ ನೋಡುತ್ತಿದ್ದರು. ಅವನು ಗೊಳವೆಯನ್ನು ನೀರಿನ ಲೋಟದಲ್ಲಿ ಅದ್ದಿ, ಕೊಡವಿ, ಶಲ್ಯದಲ್ಲಿ ಒರೆಸಿ ಊದಿದ. ಒಳಗೆ ಉಳಿದಿದ್ದ ನೀರು ಉಸಿರಿನ ಜೊತೆ ಬಂತು. ದೀಪ ಚುರ್ ಎಂದು ಆರಿತು. ಪುಡಿ ಮೇಜಿನ ಮೇಲೆ ಚೆಲ್ಲಿತು.

"ಗೊಳವೆ ಒಣಗಿರಬೇಕೆಂಬುದೂ ತಿಳಿಯದು," ಎಂದ ಏಜೆಂಟ್. ಸಿಟ್ಟೇನೂ ಇರಲಿಲ್ಲ. ನಾನು ಒಳಗೆ ಹೋಗಿ, ಇನ್ನೊಬ್ಬರ ಬಾಯಿ ತಾಗಿದ್ದಕ್ಕೆ ನಮ್ಮವರು ಬಾಯಿ ಇಡುವುದಿಲ್ಲ, ಕಾಲೇಜಿನಲ್ಲಿ ಇವನಿಗೆ ಬೇರೆ ಗೊಳವೆ ಇತ್ತು ಎಂದೆ. ಏಜೆಂಟ್ ಪೂರ್ತಿ ಕೇಳಿಸಿಕೊಂಡ.

"ಗಣಿಯಲ್ಲಿ ಎಲ್ಲರಿಗೂ ಒಂದೇ ಗೊಳವೆ," ಎಂದು ಸಾಮಾನಿನ ಪೆಟ್ಟಿಗೆ ಮುಚ್ಚಿದ.

ನಡೆದದ್ದನ್ನು ತಂದೆಗೆ ಹೇಳಿದೆ. ಅವರು ಮೆಟ್ಟಿಲಿಳಿದು ಮಗನ ಕಡೆ ತಿರುಗಿದರು.

"ಎಂಜ್ಲು ಅಂತ ತೊಳೆದೇನ್ಲೇ?"

"ನೀವು ನೋಡ್ತಿದ್ರಲ್ಲ, ಅಪ್ಪಾಜಿ."

"ಒಂದು ಸನ್ನೆ ಮಾಡಿದ್ರೆ ಆ ಕಡೆ ತಿರುಗಿ ಕುಂತ್ಕಂತಿದ್ನಲ್ಲೋ," ಎಂದರು. ಅವರ ದನಿ ಹಾಗೆ ಒಡೆದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುದಿನವೇ ಗೆಳೆಯ ಅಂಗಡಿಯಲ್ಲಿ ಕೂತ.

ಏಜೆಂಟ್ ಎಲ್ಲಿದ್ದಾನೋ ತಿಳಿಯದು. ತಂದೆ ತೀರಿಕೊಂಡು ಬಹಳ ಕಾಲವಾಯಿತು. ಇದನ್ನು ಕಂಡವರಲ್ಲಿ, ನನ್ನನ್ನು ಬಿಟ್ಟರೆ, ಇಬ್ಬರು ಉಳಿದಿದ್ದಾರೆ. ಅಡಿಗೆಯವನು ಮಾಡದಕೆರೆಯಲ್ಲಿ ಮಗಳ ಮನೆಯಲ್ಲಿದ್ದಾನೆ. ಇನ್ನೊಬ್ಬ ಹಿರಿಯೂರಿನಲ್ಲಿ, ಕೊಬ್ಬರಿ ಮೂಟೆಗಳ ನಡುವೆ, ತಕ್ಕಡಿಯ ಹಿಂದೆ ಕೂತಿರುತ್ತಾನೆ.