ಬಟಾಟನ ಊಟದ ಯಂತ್ರ

ಸೇವಂತಿ ಟೀಚರ್ ಸ್ಟಾಫ್ ರೂಮಿಗೆ ಕಾಲಿಟ್ಟರೆ ಅಲ್ಲಿನ ಕೊಡೆ, ಗಡಿಯಾರ, ಟಿಫಿನ್ ಡಬ್ಬಿಗಳೆಲ್ಲ ಜೀವ ಕೈಯಲ್ಲಿ ಹಿಡಿದು ಕೂರುತ್ತವೆ: ಮುಂದಿನ ಯಂತ್ರಕ್ಕೆ ಯಾರ ಬಲಿಯೋ! ಚೆಂಬೂರಿನ ನಮ್ಮ ಕನ್ನಡ ಶಾಲೆಯಲ್ಲಿ ಅವರು ವಿಜ್ಞಾನ ಕಲಿಸುತ್ತಾರೆ, ನಾನು ಕನ್ನಡ. ಅವರು ಮಾಡುತ್ತಾರೆ, ನಾನು ಹೊಗಳುತ್ತೇನೆ. ಏಳನೇ ತರಗತಿಯವರು ಸಾಕಿದ ಮೊಲ ಬಟಾಟ ಒಮ್ಮೆ ಸೀನಿದರೂ ಸಾಕು, "ಮಾಡಿ ನೋಡುವ, ಮಕ್ಳೇ!" ಎಂದು ಸೆರಗು ಸಿಕ್ಕಿಸುತ್ತಾರೆ. ಕೊಡೆಬಟ್ಟೆಯ ಬೀಸಣಿಗೆಯಾಯಿತು, ಪೈಪಿನ ಸುರಂಗವಾಯಿತು. ಚೌತಿ ರಜೆಯಲ್ಲಿ ಬಟಾಟ ಉಪವಾಸ ಬೀಳಬಾರದೆಂದು, ಗಡಿಯಾರಕ್ಕೆ ರಟ್ಟಿನ ತಟ್ಟೆ ಜೋಡಿಸಿ ಹೊತ್ತುಹೊತ್ತಿಗೆ ಕ್ಯಾರೆಟ್ ಬೀಳಿಸುವ ಯಂತ್ರವೂ ಸಿದ್ಧವಾಯಿತು. ಅದರ ಉದ್ಘಾಟನೆಗೆ ನಾನು ಅರ್ಧ ಗಂಟೆ ಭಾಷಣ ಬಿಗಿದೆ. ನಡುವೆ ಮೈಕ್ ಸತ್ತರೂ ಸೋಲದೆ, ಕೈಗೆ ಸಿಕ್ಕಿದ ಸೆಲ್ ಹಾಕಿ ಮುಂದುವರಿಸಿದೆ. ಮರೆತ ಕನ್ನಡಕಕ್ಕೆಂದು ಚೌತಿಯ ಬೆಳಿಗ್ಗೆ ಶಾಲೆಗೆ ಹೋದರೆ, ಕುರ್ಲಾದಿಂದ ಲೋಕಲ್ ರೈಲು ಹಿಡಿದು ಬಂದ ಟೀಚರ್, ಮನೆಯ ಗಣಪತಿಗೂ ಮೊದಲು ಬಟಾಟನಿಗೆ ಕೈಯಾರೆ ಉಣಿಸುತ್ತಿದ್ದಾರೆ! "ಯಂತ್ರವಿದ್ದರೂ ಬಂದಿರಲ್ಲ ಟೀಚರ್, ಇದಲ್ಲವೇ ತಾಯಿಹೃದಯ!" ಎಂದೆ. "ಎಂತ ಹೃದಯ ಸಾರ್," ಎಂದರು ಅವರು ತಲೆಯೆತ್ತದೆ, "ಅದರ ಸೆಲ್ ನಿಮ್ಮ ಮೈಕಿನಲ್ಲಿ ಉಂಟು. ತೆಗೆದು ಕೊಡಿ."