ನಾಲ್ಕನೆಯ ಹಗ್ಗ

ಮೊನ್ನೆ ಸಂಕ್ರಮಣದ ನಸುಕಿನಲ್ಲಿ, ತುರ್ವಿಹಾಳದ ಕಾಲುವೆ ದಂಡೆಯ ಮೇಲೆ, ಸತ್ತವನೊಬ್ಬನ ಹೆಸರು ಕರೆದರು. ಬೇಕಂತಲೇ ಅಲ್ಲ. ಬಾಯಿ ತಪ್ಪಿ.

ಎಳ್ಳು-ಅರಿಶಿನ ಹಚ್ಚಿಕೊಂಡು ಕೊರೆಯುವ ನೀರಿಗೆ ಹಾರುವುದು ನಮ್ಮ ಪ್ರತಿವರ್ಷದ ರೂಢಿ. (ಗೀಸರ್ ಇದ್ದವರು ನಗಬಹುದು.) ನಾನು, ತಮ್ಮ ಶರಣ, ಸೋದರಮಾವನ ಇಬ್ಬರು ಮಕ್ಕಳು. ಸಿಂಧನೂರಿನಿಂದ ನಮ್ಮನ್ನು ಟ್ರ್ಯಾಕ್ಟರಿನಲ್ಲಿ ಕರೆತರುವ ಕಾಸಿಂ ಮಾಮಾ ನೀರಿಗಿಳಿಯುವುದಿಲ್ಲ. ಜಾಲಿ ಗಿಡಕ್ಕೆ ನಾಲ್ಕು ಹಗ್ಗ ಕಟ್ಟಿ ನೀರಿಗೆ ಬಿಡುತ್ತಾರೆ. ಒಬ್ಬೊಬ್ಬರ ಸೊಂಟಕ್ಕೆ ಒಂದೊಂದು. ಮಂಜಿನಲ್ಲಿ ಮುಖ ಕಾಣದು, ಸೆಳವು ಜೋರು. ಆದ್ದರಿಂದ ಪ್ರತಿ ಮುಳುಗಿಗೂ ಅಟೆಂಡೆನ್ಸ್. ಹೆಸರು ಕರೆದರೆ "ಓ" ಅನ್ನಬೇಕು. ಅನ್ನದವನ ಹಗ್ಗ ಎಳೆಯುತ್ತಾರೆ.

ಶರಣ ತಡಮಾಡಿ, ಕುರಿಯಂತೆ ಉದ್ದಕ್ಕೆ "ಓ" ಅನ್ನುತ್ತಿದ್ದ.

"ನನ್ನ ಜಾನ್ ತಗೀತಿ ನೋಡಲೇ, ಹುಚ್ಚಪ್ಯಾಲಿ," ಮಾಮಾ ಬೈಯುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಕಾಮಾಲೆ ಬಂದು ಶರಣ ಹೋದ. ಈ ವರ್ಷ ನಮಗೆ ಹಬ್ಬವಿಲ್ಲ. ಆದರೂ ಅವ್ವನೇ ನನ್ನನ್ನು ಎಬ್ಬಿಸಿದಳು. "ಹಬ್ಬ ಬ್ಯಾಡ. ಹೋಗಿ ಮುಳುಗು ಹಾಕಿ ಬಾ. ಅವನ ಹೆಸರ್ಲೇ ಒಂದು." ಎಣಿಸದೆ ನಾಲ್ಕೂ ಹಗ್ಗ ಕೊಟ್ಟಳು. ಮಾಮಾ ಎಣಿಸದೆ ನಾಲ್ಕೂ ಕಟ್ಟಿದರು.

ರೇಷನ್ ಕಾರ್ಡಿನಲ್ಲಿ ಅವನ ಹೆಸರು ಹೊಡೆಸಿ ಐದು ತಿಂಗಳಾಯಿತು. ನಾಲಿಗೆಯ ಮೇಲಿನ ಹೆಸರು ಹೊಡೆಯುವವರು ಯಾರು?

ಮೊದಲ ಎರಡು ಮುಳುಗಿಗೂ ಮೂರು ಹೆಸರು, ಮೂರು "ಓ". ಮೂರನೆಯ ಮುಳುಗು ಶರಣನ ಹೆಸರಿನದು. ಉಸಿರು ಕಟ್ಟಿ ತಳದಲ್ಲೇ ಉಳಿದೆ. ಆಮೇಲೆ ಮೇಲೆ ಬಂದೆ.

"ಹಂಗ್ಯಾಕ ಮಾಡಿದ್ಯೋ?" ಮಾಮಾ ಕಂದೀಲನ್ನು ನನ್ನ ಮುಖಕ್ಕೆ ಹಿಡಿದರು.

"ಏನ್ ಮಾಮಾ?"

"ಬಾಯ್ತಪ್ಪಿ ಅವನ ಹೆಸರು ಕರದೆ. ನೀ ಥೇಟ್ ಅವನಂಗ ಓ ಅಂದ್ಯಲ್ಲ."

ನಾನು? ನೀರೊಳಗಿಂದ?

"ಹೌದು ಮಾಮಾ, ತಪ್ಪಾತು," ಅಂದೆ. ವಯಸ್ಸಾದವರು. ಇನ್ನೇನು ಹೇಳಲಿ?

ಮೂರು ಹಗ್ಗ ಸುತ್ತಿಕೊಂಡೆ. ನಾಲ್ಕನೆಯದು ಬಿಗಿದು ನಿಂತಿತ್ತು. (ಸೆಳವಿಗೆ ಇರಬಹುದು.) ಎಳೆಯಲು ಕೈ ಹಾಕಿದೆ, ತೆಗೆದೆ. ಓ ಅಂದವರನ್ನು ಎಳೆಯುವ ರೂಢಿ ನಮ್ಮಲ್ಲಿಲ್ಲ.

ಮನೆಗೆ ಬಂದಾಗ ಅವ್ವ ಒದ್ದೆ ಹಗ್ಗಗಳನ್ನು ಒಂದೊಂದಾಗಿ ಬಿಸಿಲಿಗೆ ಹರವಿದಳು. ಈ ಸಲ ಎಣಿಸಿದಳು.

"ಮೂರಽ ಅದಾವಲ್ಲೋ. ಶರಣಂದು ಎಲ್ಲಿ ಬಿಟ್ಟು ಬಂದಿ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?